ಗೀಜಗನ ದೀಪ

ಗೀಜಗನ ಗೂಡಿನ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಒಂದು ಮಾತಿದೆ. ರಾತ್ರಿ ಮರಿಗಳಿಗೆ ಬೆಳಕಾಗಲಿ ಎಂದು ಹಕ್ಕಿ ಗೂಡಿನ ಒಳಗೋಡೆಗೆ ಹಸಿಮಣ್ಣು ಮೆತ್ತಿ, ಅದಕ್ಕೊಂದು ಮಿಂಚುಹುಳ ಅಂಟಿಸುತ್ತದಂತೆ. ಚಿಕ್ಕಂದಿನಲ್ಲಿ ಇದನ್ನು ನಂಬಿ, ಬಾವಿಯ ಮೇಲೆ ಬಾಗಿದ್ದ ಈಚಲು ಮರದ ಹತ್ತಿರ ಕತ್ತಲಾಗುವ ತನಕ ಕಾದು ಕೂತು ಅಜ್ಜಿಯಿಂದ ಬೈಸಿಕೊಂಡವರಲ್ಲಿ ನಾನೂ ಒಬ್ಬ. ಗೂಡು ಬೆಳಗಲಿಲ್ಲ. ಗೀಜಗ ಮಣ್ಣಿನ ಉಂಡೆ ಮೆತ್ತುವುದೇನೋ ನಿಜ. ಮಿಂಚುಹುಳದ ಮಾತು ಕಟ್ಟುಕತೆ ಎನ್ನುತ್ತಾರೆ ಪಕ್ಷಿ ಬಲ್ಲವರು.

ಹಕ್ಕಿ ಮಾಡದ ಆ ಕೆಲಸವನ್ನು ಮನುಷ್ಯರು ಮಾಡಿದ್ದಾರೆ. ಮಿಂಚುಹುಳದ ದೀಪವನ್ನು ಬಿಚ್ಚಿ ತಂದು ತಂಬಾಕಿನ ಗಿಡಕ್ಕೆ, ಇಲಿಯ ಯಕೃತ್ತಿಗೆ, ಕ್ಷಯದ ಬ್ಯಾಕ್ಟೀರಿಯಕ್ಕೆ ಅಂಟಿಸಿದ್ದಾರೆ. ಮೈ ಕೊಯ್ಯದೆ, ಒಳಗೆ ಏನು ನಡೆಯುತ್ತಿದೆ ಎಂದು ಆ ಬೆಳಕಿನ ಜಾಡು ಹಿಡಿದು ನೋಡುತ್ತಾರೆ.

ಇಂಥ ಇಲಿಗಳ ಚಿತ್ರ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಅರಿವಳಿಕೆ ಕೊಟ್ಟು ಮಲಗಿಸಿದ ನಾಲ್ಕೈದು ಇಲಿಗಳು ಸಾಲಾಗಿ; ಒಂದೊಂದರ ಮೈಮೇಲೂ ನಡುವೆ ಕೆಂಪು, ಸುತ್ತ ಹಳದಿ, ಅಂಚಿಗೆ ನೀಲಿ ಇರುವ ಮಚ್ಚೆ. ‘ಹೊಳೆಯುವ ಇಲಿ’ ಎಂದು ಕೆಳಗೊಂದು ಅಡಿಬರಹ. ಆ ಬಣ್ಣಗಳಲ್ಲಿ ಒಂದೂ ಇಲಿಯದಲ್ಲ. ಬೆಳಕಿನ ಕಣಗಳು, ಅಂದರೆ ಫೋಟಾನುಗಳು, ಹೆಚ್ಚು ಬಂದ ಜಾಗಕ್ಕೆ ಕೆಂಪು, ಕಡಿಮೆ ಬಂದ ಜಾಗಕ್ಕೆ ನೀಲಿ ಎಂದು ಕಂಪ್ಯೂಟರ್ ಬಳಿದದ್ದು ಅದು. ಮಳೆ ನಕ್ಷೆಯಲ್ಲಿ ಜಿಲ್ಲೆಗಳಿಗೆ ಬಣ್ಣ ಬಳಿಯುತ್ತಾರಲ್ಲ, ಹಾಗೆ. ಇಲಿಯನ್ನೇ ತಂದು ನಮ್ಮ ಮೇಜಿನ ಮೇಲಿಟ್ಟರೆ ಕಾಣುವುದು ಬರೀ ಇಲಿ. ಒಳಗಿನಿಂದ ಬರುವ ಬೆಳಕು ಅಷ್ಟು ಕ್ಷೀಣ. ಅದು ಕಾಣಬೇಕಾದರೆ ಒಂದು ಎಳೆ ಬೆಳಕೂ ನುಸುಳದ ಪೆಟ್ಟಿಗೆ ಬೇಕು, ಸೊನ್ನೆಗಿಂತ ತೊಂಬತ್ತು ಡಿಗ್ರಿ ಕೆಳಗೆ ತಣ್ಣಗಾಗಿಸಿದ ಕ್ಯಾಮೆರಾ ಬೇಕು. ಕ್ಯಾಮೆರಾದ ಸ್ವಂತ ಬಿಸಿಯೇ ಸುಳ್ಳು ಚುಕ್ಕೆಗಳನ್ನು ಹುಟ್ಟಿಸುತ್ತದೆ, ಅದಕ್ಕೆ ಆ ಚಳಿ. ಈ ವಿದ್ಯೆಯಲ್ಲಿ ಎಲ್ಲರೂ ಬೆಳಕಿನ ಮಾತಾಡುತ್ತಾರೆ. ನನಗೆ ಕಂಡ ಹಾಗೆ ಅರ್ಧಕ್ಕಿಂತ ಹೆಚ್ಚಿನ ಕೆಲಸ ಕತ್ತಲೆಯದು.

ಜೀವಕೋಶದ ಒಳಗನ್ನು ನೋಡಲು ಇನ್ನೊಂದು ದಾರಿ ಇದೆ, ಹೆಸರು ಮಾಡಿದ್ದು ಅದೇ. ಹೊರಗಿನಿಂದ ನೀಲಿ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಕೋಶದೊಳಗೆ ಇಡುವುದು. ಸೂಕ್ಷ್ಮದರ್ಶಕದಡಿ ಅದರ ಚಿತ್ರ ಚೊಕ್ಕವಾಗಿ ಬರುತ್ತದೆ. ತೊಂದರೆ ಶುರುವಾಗುವುದು ಇಡೀ ಪ್ರಾಣಿಯ ಆಳಕ್ಕೆ ಹೋದಾಗ. ಮಂಜು ಕವಿದ ಹೊತ್ತಿನಲ್ಲಿ ಆಗುಂಬೆ ಘಾಟಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಡ್‌ಲೈಟ್ ಜೋರು ಮಾಡಿದಷ್ಟೂ ಆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ರಾಚುತ್ತದೆ, ರಸ್ತೆ ಕಾಣುವುದಿಲ್ಲ. ಇಲಿಯ ಚರ್ಮ, ರೋಮ, ಹೊಟ್ಟೆಯಲ್ಲಿರುವ ಮೇವು ಎಲ್ಲವೂ ಹೊರಗಿನ ಬೆಳಕಿಗೆ ತಾವೂ ಅಷ್ಟಿಷ್ಟು ಹೊಳೆದು ದಾರಿ ಮುಚ್ಚುತ್ತವೆ. ಅದೇ ಮಂಜಿನಲ್ಲಿ ಮುಂದೆ ಹೋಗುತ್ತಿರುವ ಲಾರಿಯ ಹಿಂದಿನ ಕೆಂಪು ದೀಪ ಮಸುಕಾಗಿಯಾದರೂ ಕಾಣುತ್ತದೆ, ಯಾಕೆಂದರೆ ಅದು ತನ್ನದೇ ದೀಪ. ಜೀವದೀಪ್ತಿಯ (ಜೀವಿ ತಾನೇ ಹೊಮ್ಮಿಸುವ ಬೆಳಕಿನ) ಚಿತ್ರಣ ಅಂದರೆ ಇಷ್ಟೆ: ನಮ್ಮ ಹೆಡ್‌ಲೈಟ್ ಆರಿಸಿ, ಲಾರಿಯ ಹಿಂದಿನ ದೀಪಕ್ಕಾಗಿ ಕಾಯುವುದು.

ದೀಪ ಉರಿಯುವ ಬಗೆ ಬಹಳ ಹಿಂದೆಯೇ ಅರ್ಧ ಗೊತ್ತಾಗಿತ್ತು. 1880ರ ದಶಕದಲ್ಲಿ ಫ್ರಾನ್ಸಿನ ರಾಫಾಯೆಲ್ ದ್ಯುಬ್ವಾ ಬೆಳಗುವ ಜೀರುಂಡೆಯ ದೀಪದ ಅಂಗವನ್ನು ತಣ್ಣೀರಿನಲ್ಲಿ ಅರೆದ. ರಸ ಸ್ವಲ್ಪ ಹೊತ್ತು ಬೆಳಗಿ ಆರಿತು. ಇನ್ನೊಂದನ್ನು ಬಿಸಿನೀರಿಗೆ ಹಾಕಿದ, ಅದು ತಕ್ಷಣ ಆರಿತು. ಆರಿದ ಎರಡೂ ರಸಗಳನ್ನು ಬೆರೆಸಿದಾಗ ಮತ್ತೆ ಬೆಳಕು ಬಂತು. ಬಿಸಿಗೆ ಕೆಡದೆ ಉಳಿಯುವುದು ದೀಪದ ಎಣ್ಣೆಯಂಥ ವಸ್ತು, ಅದಕ್ಕೆ ಲೂಸಿಫೆರಿನ್ ಎಂದು ಹೆಸರಾಯಿತು. ಬಿಸಿಗೆ ಕೆಡುವುದು ಅದನ್ನು ಉರಿಸುವ ಕಿಣ್ವ, ಅದು ಲೂಸಿಫೆರೇಸ್. ಅಡುಗೆಮನೆಯಲ್ಲೇ ಮಾಡಬಹುದಾದಷ್ಟು ಸರಳ ಪ್ರಯೋಗ, ಇವತ್ತಿಗೂ ಇಡೀ ಶಾಸ್ತ್ರ ನಿಂತಿರುವುದು ಇದರ ಮೇಲೆ.

ಉಳಿದರ್ಧ ಗೊತ್ತಾಗಿದ್ದು ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳಿಂದ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಮ್ಯಾಕ್‌ಎಲ್ರಾಯ್ 100 ಮಿಂಚುಹುಳ ತಂದುಕೊಟ್ಟವರಿಗೆ 25 ಸೆಂಟ್ ಕೊಡುತ್ತೇನೆ ಎಂದರು. ನಾವು ಗಾಜಿನ ಸೀಸೆಯಲ್ಲಿ ಪುಕ್ಕಟೆಯಾಗಿ ಹಿಡಿದಿಟ್ಟ ಹುಳಗಳಿಗೆ ಅಲ್ಲಿ ಕಾಸು ಹುಟ್ಟುತ್ತಿತ್ತು. ಆ ಹುಳಗಳ ಆರಿಹೋದ ರಸಕ್ಕೆ ಎಟಿಪಿ ಸೇರಿಸಿದಾಗ ಅದು ಪುನಃ ಬೆಳಗಿತು ಎಂದು ಅವರು 1947ರಲ್ಲಿ ತೋರಿಸಿದರು. ಎಟಿಪಿ ಅಂದರೆ ಪ್ರತಿ ಜೀವಕೋಶವೂ ದಿನನಿತ್ಯದ ಖರ್ಚಿಗೆ ಬಳಸುವ ಚಿಲ್ಲರೆ ದುಡ್ಡಿನಂಥ ಅಣು. ಇದರ ಅರ್ಥ ಏನೆಂದರೆ, ಈ ದೀಪ ಉರಿಯಬೇಕಾದರೆ ಕೋಶದಲ್ಲಿ ಜೀವ ಇರಬೇಕು. ಸತ್ತ ಕೋಶದ ಬಳಿ ಎಟಿಪಿ ಉಳಿಯುವುದಿಲ್ಲ, ಅಲ್ಲಿ ದೀಪವೂ ಇಲ್ಲ. ಮುಂದೆ ವೈದ್ಯಶಾಸ್ತ್ರಕ್ಕೆ ಬಹಳ ಉಪಯೋಗಕ್ಕೆ ಬಂದದ್ದು ಈ ಒಂದು ಗುಣ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಿಂಚುಹುಳದ ಬೆಳಕು ನೂರಕ್ಕೆ ನೂರು ದಕ್ಷ, ಏನೂ ನಷ್ಟವಿಲ್ಲ ಎಂದು ಶಾಲೆಯಲ್ಲಿ ಓದಿದವರು ಬಹಳ. 1960ರಲ್ಲಿ ಅಳೆದಾಗ ಸಿಕ್ಕಿದ್ದು ನೂರಕ್ಕೆ 88. ಜಪಾನಿನ ವಿಜ್ಞಾನಿಗಳು 2008ರಲ್ಲಿ ಮತ್ತೆ ಅಳೆದಾಗ ಅದು 41ಕ್ಕೆ ಇಳಿಯಿತು. ಅಂದರೆ ನೂರು ಲೂಸಿಫೆರಿನ್ ಅಣು ಉರಿದರೆ ನಲವತ್ತೊಂದು ಫೋಟಾನು. ಪಠ್ಯಗಳು ಅದನ್ನಿನ್ನೂ ತಿದ್ದಿಕೊಳ್ಳುತ್ತಿವೆ.

ಬೆಳಗುವ ಪ್ರಾಣಿಗಳೆಲ್ಲ ಒಂದೇ ದೀಪ ಹಚ್ಚುವುದಿಲ್ಲ. ಇದನ್ನು ಕಷ್ಟಪಟ್ಟು ಕಲಿತವರು ಒಸಾಮು ಶಿಮೊಮುರಾ. 1945ರ ಆಗಸ್ಟ್ 9ರಂದು ಅವರಿಗೆ ಹದಿನಾರು ವರ್ಷ, ನಾಗಸಾಕಿಗೆ ಹತ್ತಿರದ ಇಸಹಾಯದಲ್ಲಿದ್ದರು. ಬಾಂಬಿನ ಬೆಳಕಿಗೆ ಸ್ವಲ್ಪ ಹೊತ್ತು ಕಣ್ಣೇ ಕಾಣದಂತಾಯಿತು. ಮನೆಗೆ ನಡೆದು ಬರುವಾಗ ಕಪ್ಪು ಮಳೆಯಲ್ಲಿ ನೆನೆದರು, ಅಜ್ಜಿ ಸ್ನಾನ ಮಾಡಿಸಿದರು. ಅಂಥ ಬೆಳಕು ಕಂಡವರು ಮುಂದೆ ಬದುಕಿಡೀ ಬೆನ್ನು ಹತ್ತಿದ್ದು ಕತ್ತಲೆಯಲ್ಲಿ ಮಾತ್ರ ಕಾಣುವ ಬೆಳಕನ್ನು.

1961ರ ಬೇಸಿಗೆಯಲ್ಲಿ ಅವರು ಪ್ರಿನ್ಸ್‌ಟನ್ನಿನ ಫ್ರಾಂಕ್ ಜಾನ್ಸನ್ ಜೊತೆ ಅಮೆರಿಕದ ಪೂರ್ವದಿಂದ ಪಶ್ಚಿಮದ ಕಡಲಿನವರೆಗೆ ಕಾರಿನಲ್ಲಿ ಹೋದರು. ಫ್ರೈಡೇ ಹಾರ್ಬರ್ ಎಂಬಲ್ಲಿ ಈಕ್ವೋರಿಯ ಎಂಬ ಜೆಲ್ಲಿ ಮೀನು ರಾಶಿರಾಶಿ ತೇಲಿ ಬರುತ್ತಿತ್ತು; ಕೊಡೆಯ ಅಂಚಿನಂತೆ ಅದರ ಸುತ್ತ ಬೆಳಗುವ ಚುಕ್ಕಿಗಳು. ಬಲೆ ಹಾಕಿ ಎತ್ತುವುದು, ಅಂಚನ್ನು ಕತ್ತರಿಯಲ್ಲಿ ಕತ್ತರಿಸುವುದು, ಬಟ್ಟೆಯಲ್ಲಿ ಹಿಂಡುವುದು. ದ್ಯುಬ್ವಾ ಹೇಳಿದಂತೆ ಲೂಸಿಫೆರಿನ್, ಲೂಸಿಫೆರೇಸ್ ಹುಡುಕಿದರು, ಎರಡೂ ಸಿಗಲಿಲ್ಲ. ದೋಣಿಯಲ್ಲಿ ಒಬ್ಬನೇ ಕೂತು ತೇಲುತ್ತ ಯೋಚಿಸುತ್ತಿದ್ದೆ ಎಂದು ಶಿಮೊಮುರಾ ಆಮೇಲೆ ನೆನಪು ಮಾಡಿಕೊಂಡಿದ್ದಾರೆ. ಹುಳಿ ಸೇರಿಸಿದರೆ ಬೆಳಕು ನಿಲ್ಲುತ್ತದೆ ಎಂಬುದಷ್ಟು ಗೊತ್ತಾಯಿತು. ಹಾಗೆ ಮಾಡಿ ಉಳಿದ ರಸವನ್ನು ಸಿಂಕಿಗೆ ಚೆಲ್ಲಿದರು. ಸಿಂಕು ಒಳಗಿನಿಂದ ನೀಲಿಯಾಗಿ ಫಕ್ಕನೆ ಬೆಳಗಿತು. ಮೀನಿನ ತೊಟ್ಟಿಯ ಕಡಲ ನೀರು ಅದೇ ಸಿಂಕಿಗೆ ಹರಿಯುತ್ತಿತ್ತು. ಕಡಲ ನೀರಿನಲ್ಲಿರುವ ಕ್ಯಾಲ್ಸಿಯಂ ಆ ದೀಪದ ಕೀಲಿ.

ಆ ಬೇಸಿಗೆ ಹತ್ತು ಸಾವಿರದಷ್ಟು ಜೆಲ್ಲಿ ಮೀನು ಹಿಂಡಿ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ ಪ್ರೋಟೀನು. ಈಕ್ವೋರಿನ್ ಎಂದು ಹೆಸರಿಟ್ಟರು. ಅದರ ಜೊತೆಗೆ ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನೂ ಸಿಕ್ಕಿತು, 1962ರ ಲೇಖನದಲ್ಲಿ ಅದಕ್ಕೆ ಅಡಿಟಿಪ್ಪಣಿಯ ಜಾಗ. ನಾನು ಮೇಲೆ ಹೇಳಿದ ಹಸಿರು ಪ್ರೋಟೀನು ಅದೇ. 2008ರ ನೊಬೆಲ್ ಬಂದದ್ದು ಆ ಅಡಿಟಿಪ್ಪಣಿಗೆ, ಶಿಮೊಮುರಾ ಜೊತೆ ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚಿಯನ್ ಅವರಿಗೆ. ಅದರ ಜೀನನ್ನು 1992ರಲ್ಲಿ ಬೇರ್ಪಡಿಸಿ ಇವರಿಗೆ ಕೊಟ್ಟ ಡಗ್ಲಸ್ ಪ್ರಾಶರ್ ಪ್ರಶಸ್ತಿಯ ದಿನ ಅಲಬಾಮಾದ ಕಾರು ಮಾರುವವರ ಬಳಿ ಗಿರಾಕಿಗಳನ್ನು ಮನೆಗೆ ಬಿಡುವ ಚಾಲಕನಾಗಿದ್ದರು. ಸಂಶೋಧನೆಗೆ ಹಣ ಸಿಗದೆ ಅವರು ಪ್ರಯೋಗಾಲಯ ಬಿಟ್ಟಿದ್ದರು.

ಹೆಸರು ಹಸಿರಿಗೆ ಹೋಯಿತು, ಆದರೆ ಮೊದಲು ಕೆಲಸಕ್ಕೆ ನಿಂತದ್ದು ಈಕ್ವೋರಿನ್. ಕ್ಯಾಲ್ಸಿಯಂ ತಗುಲಿದರೆ ಬೆಳಗುವ ಪ್ರೋಟೀನನ್ನು ಕೋಶದೊಳಗೆ ಚುಚ್ಚಿಟ್ಟರೆ, ಅಲ್ಲಿ ಕ್ಯಾಲ್ಸಿಯಂ ಏರಿದಾಗೆಲ್ಲ ಮಿಣುಕಬೇಕಲ್ಲವೆ? 1967ರಲ್ಲಿ ಕಡಲ ಬಂಡೆಗೆ ಅಂಟಿಕೊಂಡು ಬದುಕುವ ಬಾರ್ನಕಲ್ ಎಂಬ ಜೀವಿಯ ಸ್ನಾಯುವಿನ ಒಂದೇ ಎಳೆಗೆ ಅದನ್ನು ಚುಚ್ಚಿದರು. ಎಳೆ ಸೆಟೆದುಕೊಂಡಾಗ ಮಿಣುಕಿತು. ಹತ್ತು ವರ್ಷದ ಮೇಲೆ ಮೆಡಾಕ ಮೀನಿನ ಮೊಟ್ಟೆಯ ಸರದಿ. ಜಪಾನಿನ ಭತ್ತದ ಗದ್ದೆಗಳ ಸಣ್ಣ ಮೀನು ಅದು. ವೀರ್ಯಾಣು ಹೊಕ್ಕ ಜಾಗದಲ್ಲಿ ಬೆಳಕು ಹುಟ್ಟಿ, ಅಲೆಯಾಗಿ ಇಡೀ ಮೊಟ್ಟೆಯ ಮೇಲೆ ಹಾದು, ಎದುರು ತುದಿಗೆ ಹೋಗಿ ಆರಿತು. ಒಂದು ಜೀವ ಶುರುವಾಗುವ ಮೊದಲ ಕೆಲವು ನಿಮಿಷಗಳ ಒಳಗಿನ ಸಂಚಲನವನ್ನು ಮನುಷ್ಯ ಕಣ್ಣಾರೆ ಕಂಡದ್ದು ಹೀಗೆ. ಈ ಇಡೀ ಕತೆಯಲ್ಲಿ ಒಂದೇ ಪ್ರಯೋಗಕ್ಕೆ ಹಾಜರಿರುವ ಅವಕಾಶ ಕೊಟ್ಟರೆ ನಾನು ಆರಿಸಿಕೊಳ್ಳುವುದು ಇದನ್ನೇ, ಇಲಿಯನ್ನಲ್ಲ.

ಪ್ರತಿ ಸಲ ಹುಳ ಹಿಡಿದು, ಜೆಲ್ಲಿ ಮೀನು ಹಿಂಡಿ ಎಷ್ಟು ದಿನ ನಡೆದೀತು? ಶಿಮೊಮುರಾ ಮತ್ತು ಅವರ ಮನೆಯವರು ಒಟ್ಟು ಎಂಟೂವರೆ ಲಕ್ಷ ಜೆಲ್ಲಿ ಮೀನು ಹಿಡಿದಿದ್ದರು. 1985ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಮಾರ್ಲೀನ್ ಡಿಲೂಕಾ ಮತ್ತು ಸಂಗಡಿಗರು ಮಿಂಚುಹುಳದ ಲೂಸಿಫೆರೇಸ್ ಜೀನನ್ನು ಬೇರ್ಪಡಿಸಿದರು. ಮರುವರ್ಷ ಅದನ್ನು ತಂಬಾಕಿನ ಗಿಡಕ್ಕೆ ಸೇರಿಸಿ, ಲೂಸಿಫೆರಿನ್ ಬೆರೆಸಿದ ನೀರು ಹಾಕಿ, ಗಿಡವನ್ನು ಕತ್ತಲೆಯಲ್ಲಿ ಫಿಲ್ಮಿಗೆ ತಾಗಿಸಿಟ್ಟರು. ಬೇರು, ಕಾಂಡ, ಎಲೆಯ ನರ ಎಲ್ಲವೂ ತಮ್ಮ ಚಿತ್ರ ತಾವೇ ಬರೆದವು. ಗೀಜಗನ ಮಾತು ಅಂದು ನಿಜವಾಯಿತು ಅನ್ನಬೇಕು.

ಇಲಿಯ ಸರದಿ 1995ರಲ್ಲಿ ಬಂತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಕಾಂಟ್ಯಾಗ್, ಪಮೇಲಾ ಕಾಂಟ್ಯಾಗ್ ದಂಪತಿ ಮತ್ತು ಜೊತೆಯವರು ಬೆಳಗುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯವನ್ನು ಇಲಿಗೆ ಕೊಟ್ಟು, ಸೋಂಕು ಹೊಟ್ಟೆಯೊಳಗೆ ಎಲ್ಲಿಂದ ಎಲ್ಲಿಗೆ ಹರಡುತ್ತದೆಂದು ಹೊರಗಿನಿಂದಲೇ ನೋಡಿದರು. ಇಲ್ಲಿ ದೀಪ ಮಿಂಚುಹುಳದ್ದಲ್ಲ, ಫೋಟೋರ್‍ಹ್ಯಾಬ್ಡಸ್ ಎಂಬ ಮಣ್ಣಿನ ಸಂಸಾರದ ಬ್ಯಾಕ್ಟೀರಿಯದ್ದು. ಅದು ತನ್ನ ಎಣ್ಣೆಯನ್ನು ತಾನೇ ಮಾಡಿಕೊಳ್ಳುತ್ತದೆ, ಬಿಸಿರಕ್ತದ ಮೈಯಲ್ಲೂ ಕೆಡದೆ ಉರಿಯುತ್ತದೆ. ಈ ಬ್ಯಾಕ್ಟೀರಿಯದ ಬಳಿಗೆ ಕೊನೆಯಲ್ಲಿ ಬರುತ್ತೇನೆ, ನಮ್ಮ ಅಡಿಕೆ ತೋಟಕ್ಕೂ ಅದಕ್ಕೂ ನಂಟಿದೆ.

ಹೊರಗಿನಿಂದಲೇ ನೋಡುವ ಈ ವಿದ್ಯೆಯಿಂದ ಮೊದಲು ಬಚಾವಾದದ್ದು ಇಲಿಗಳೇ. ಒಂದು ಕ್ಯಾನ್ಸರ್ ಗಡ್ಡೆ ಆರು ವಾರದಲ್ಲಿ ಹೇಗೆ ಬೆಳೆಯುತ್ತದೆಂದು ತಿಳಿಯಬೇಕೆನ್ನಿ. ಹಳೆಯ ಪದ್ಧತಿಯಲ್ಲಿ ವಾರಕ್ಕೆ ಎಂಟು ಇಲಿಯಂತೆ ಕೊಂದು ಕೊಯ್ದು ನೋಡಬೇಕು, ಒಟ್ಟು ನಲವತ್ತೆಂಟು. ಅಷ್ಟಾದರೂ ಮೊದಲ ವಾರದ ಇಲಿ ಬೇರೆ, ಆರನೆಯ ವಾರದ್ದು ಬೇರೆ. ಈಗ ಅವೇ ಎಂಟು ಇಲಿಗಳಿಗೆ ವಾರಕ್ಕೊಮ್ಮೆ ಲೂಸಿಫೆರಿನ್ ಚುಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಕತ್ತಲೆ ಪೆಟ್ಟಿಗೆಯಲ್ಲಿ ಮಲಗಿಸಿ ಚಿತ್ರ ತೆಗೆದರೆ ಆಯಿತು. ಮದ್ದು ಯಾವ ಇಲಿಗೆ ಹಿಡಿಯಿತು, ಯಾವುದಕ್ಕೆ ಹಿಡಿಯಲಿಲ್ಲ ಎಂದು ಒಂದೊಂದರ ಜಾತಕ ಸಿಗುತ್ತದೆ.

ಮೈಯೊಳಗಿನ ಬೆಳಕು ಹೊರಬರುವುದು ಸುಲಭವಲ್ಲ. ಮೊಬೈಲಿನ ಟಾರ್ಚ್ ಹಚ್ಚಿ ಅದರ ಮೇಲೆ ಬೆರಳಿಡಿ. ಬಿಳಿ ಬೆಳಕು ಒಳಹೊಕ್ಕರೂ ಹೊರಬರುವುದು ಕೆಂಪು. ನೀಲಿ, ಹಸಿರನ್ನೆಲ್ಲ ರಕ್ತದ ಹೀಮೊಗ್ಲೋಬಿನ್ ನುಂಗಿಬಿಡುತ್ತದೆ. ಮಿಂಚುಹುಳದ ಹಳದಿ-ಹಸಿರು ದೀಪಕ್ಕೆ ಇದು ಮಾರಕವಾಗಬೇಕಿತ್ತು. ಆದರೆ ಅದರ ಕಿಣ್ವ 37 ಡಿಗ್ರಿಯ ಮೈಬಿಸಿಯಲ್ಲಿ ತಾನಾಗಿ ಕೆಂಪಿನ ಕಡೆಗೆ, ಸುಮಾರು 612 ನ್ಯಾನೋಮೀಟರಿಗೆ, ವಾಲುತ್ತದೆ. ಯಾರೂ ಯೋಜಿಸದೆ ಸಿಕ್ಕ ಲಾಭ ಇದು. ಸಾಲದು ಎಂದು ಜಪಾನಿನ ರಿಕೆನ್ ಸಂಸ್ಥೆಯ ಅತ್ಸುಶಿ ಮಿಯಾವಾಕಿ ತಂಡ ಕಿಣ್ವವನ್ನೂ ಎಣ್ಣೆಯನ್ನೂ ಒಟ್ಟಿಗೆ ತಿದ್ದಿ, ಮೊದಲಿಗಿಂತ ನೂರರಿಂದ ಸಾವಿರ ಪಟ್ಟು ಬೆಳಕು ಹೊರಬರುವಂತೆ ಮಾಡಿ 2018ರಲ್ಲಿ ಪ್ರಕಟಿಸಿತು. ಇಲಿಯ ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಒಂದೇ ಒಂದು ಕೋಶ ಅದರಲ್ಲಿ ಕಂಡಿತು. ಮಾರ್ಮೊಸೆಟ್ ಎಂಬ ಪುಟ್ಟ ಕೋತಿಯ ಮಿದುಳಿನ ಆಳದ ನರಕೋಶಗಳನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ, ತಲೆಬುರುಡೆ ತೆರೆಯದೆ, ನೋಡುತ್ತ ಬಂದರು.

ಆದರೂ ನನ್ನ ಮಟ್ಟಿಗೆ ಈ ಬೆಳಕಿನಿಂದ ತಿಳಿದದ್ದರಲ್ಲಿ ತೂಕದ್ದು ಗಡ್ಡೆಯ ಸಂಗತಿಯಲ್ಲ, ಹೊತ್ತಿನ ಸಂಗತಿ. ದೇಹಕ್ಕೆ ಹಗಲು ರಾತ್ರಿ ಹೇಳುವ ಗಡಿಯಾರ ಮಿದುಳಿನಲ್ಲೊಂದು ಇದೆ, ಉಳಿದ ಅಂಗಗಳು ಅದರ ಗಂಟೆ ಕೇಳಿ ನಡೆಯುತ್ತವೆ ಎಂದು ನಂಬಿದ್ದರು. ಅಮೆರಿಕದ ಜೋಸೆಫ್ ತಕಾಹಾಶಿ ತಂಡ ಗಡಿಯಾರದ ಒಂದು ಪ್ರೋಟೀನಿಗೇ ಮಿಂಚುಹುಳದ ದೀಪ ಜೋಡಿಸಿದ ಇಲಿಗಳನ್ನು ಬೆಳೆಸಿ, ಅವುಗಳ ಯಕೃತ್ತು, ಶ್ವಾಸಕೋಶ, ಮೂತ್ರಪಿಂಡದ ತುಣುಕುಗಳನ್ನು ತಟ್ಟೆಯಲ್ಲಿಟ್ಟು ಕತ್ತಲೆಗೆ ಬಿಟ್ಟಿತು. ಮಿದುಳಿಲ್ಲ, ಸೂರ್ಯನಿಲ್ಲ. ತಟ್ಟೆಯ ತುಣುಕು ಇಪ್ಪತ್ತು ದಿನಕ್ಕೂ ಮೀರಿ ದಿನಕ್ಕೊಮ್ಮೆ ಬೆಳಗಿ ದಿನಕ್ಕೊಮ್ಮೆ ಮಂಕಾಯಿತು. ಇದು 2004ರ ಮಾತು. ಪ್ರತಿ ಅಂಗಕ್ಕೂ ತನ್ನದೇ ಗಡಿಯಾರ ಇದೆ, ಮಿದುಳು ಮಾಡುವುದು ಅವುಗಳ ಮುಳ್ಳು ಕೂಡಿಸುವ ಕೆಲಸ. ಇದನ್ನು ಹೊರಗಿನ ಬೆಳಕು ಹಾಯಿಸಿ ನೋಡುವುದು ಕಷ್ಟವಿತ್ತು. ವಾರಗಟ್ಟಲೆ ಬಿದ್ದ ಬೆಳಕು ಕೋಶವನ್ನು ಸುಡುತ್ತದೆ, ಎಷ್ಟೋ ಕಡೆ ಗಡಿಯಾರವನ್ನೇ ತಿರುಗಿಸುತ್ತದೆ. ಗಿಡಗಳಲ್ಲಂತೂ ಅದು ಆಗದ ಮಾತು. 1995ರಲ್ಲಿ ಆಂಡ್ರ್ಯೂ ಮಿಲರ್, ಸ್ಟೀವ್ ಕೇ ಮತ್ತು ಸಂಗಡಿಗರು ಸಾಸಿವೆಯ ದಾಯಾದಿಯಾದ ಅರಾಬಿಡಾಪ್ಸಿಸ್ ಸಸಿಗಳಿಗೆ ಇದೇ ದೀಪ ಕಟ್ಟಿ ಕಾದು, 21 ಗಂಟೆಗೇ ದಿನ ಮುಗಿಸುವ ಅವಸರದ ಸಸಿಯೊಂದನ್ನು ಹಿಡಿದರು. ಗಿಡದ ಗಡಿಯಾರದ ಒಂದು ಮುಖ್ಯ ಜೀನು ಸಿಕ್ಕಿದ್ದು ಅದರಿಂದ.

ಕೊರತೆಗಳೂ ಇವೆ. ಮಂಜಿನ ಲಾರಿಯ ದೀಪ ಕಂಡರೂ ನಂಬರ್ ಪ್ಲೇಟ್ ಓದಲಾಗುವುದಿಲ್ಲ; ಇಲಿಯ ಒಳಗಿನ ಮಚ್ಚೆಯೂ ಅಷ್ಟೇ ಮಸುಕು. ಆಳ ಹೆಚ್ಚಿದಂತೆ ಬೆಳಕು ಬೇಗ ಸೋಲುತ್ತದೆ. ಹೆಚ್ಚು ಬೆಳಕು ಅಂದರೆ ಹೆಚ್ಚು ಕೋಶ ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ದೀಪಕ್ಕೆ ಆಮ್ಲಜನಕ ಬೇಕು, ಗಾಳಿಯೇ ಸಿಗದ ದೊಡ್ಡ ಗಡ್ಡೆಯ ನಡುಭಾಗ ಮಂಕಾಗಿ ಕಾಣಬಹುದು. ಮದ್ದು ಗೆದ್ದಿತೆಂದು ಅಲ್ಲಿ ಹಿಗ್ಗಿದವರು ಮೋಸಹೋಗುತ್ತಾರೆ. ಇನ್ನು, ಬೆಳಗಬೇಕಾದ ಕೋಶಕ್ಕೆ ಪರಕೀಯ ಜೀನು ಸೇರಿಸಲೇಬೇಕು. ಆದ್ದರಿಂದ ಆಸ್ಪತ್ರೆಯಲ್ಲಿ ನಮ್ಮ ನಿಮ್ಮ ಹೊಟ್ಟೆ ನೋಡಲು ಸ್ಕ್ಯಾನಿಂಗ್ ಯಂತ್ರದ ಬದಲು ಮಿಂಚುಹುಳ ಬರುತ್ತದೆ ಎಂದು ಯಾರಾದರೂ ಬರೆದರೆ ನಂಬಬೇಡಿ.

ರೋಗಿಯ ಮೈಗೆ ಬಾರದಿದ್ದರೂ ರೋಗಿಯ ಕಫದ ತನಕ ಅದು ಬಂದಿದೆ. 1993ರಲ್ಲಿ ನ್ಯೂಯಾರ್ಕಿನ ವಿಲಿಯಂ ಜೇಕಬ್ಸ್ ತಂಡ ಕ್ಷಯದ ಬ್ಯಾಕ್ಟೀರಿಯಕ್ಕೆ ಮುತ್ತುವ ಒಂದು ವೈರಸ್ಸಿನ ಬೆನ್ನ ಮೇಲೆ ಮಿಂಚುಹುಳದ ಜೀನು ಹೊರಿಸಿತು. ಕಫದಿಂದ ಬೆಳೆಸಿದ ಬ್ಯಾಕ್ಟೀರಿಯಕ್ಕೆ ಮದ್ದು ಹಾಕಿ, ಆಮೇಲೆ ಈ ವೈರಸ್ ಬಿಡುವುದು. ಮದ್ದಿಗೆ ಸತ್ತಿದ್ದರೆ ಕತ್ತಲು. ಬೆಳಗಿದರೆ ಆ ಮದ್ದು ಅದಕ್ಕೆ ತಾಗಿಲ್ಲ. ವಾರಗಳ ಕಾಯುವಿಕೆಯನ್ನು ದಿನಗಳಿಗೆ ಇಳಿಸುವ ಉಪಾಯ ಅದು. ಆಮೇಲೆ ಜೀನು ಓದುವ ಬೇರೆ ಪರೀಕ್ಷೆಗಳು ಬಂದು ಮುಂದೆ ಹೋದವು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವ ನಮ್ಮ ದೇಶದಲ್ಲಿ ಈ ಬೆಳಕಿನ ಪರೀಕ್ಷೆ ಇನ್ನಷ್ಟು ಓಡಾಡಬಹುದಿತ್ತು ಎಂದು ನನಗನ್ನಿಸುತ್ತದೆ. ಮಿಂಚುಹುಳದ ಇದೇ ಕಿಣ್ವ ಇವತ್ತು ಆಹಾರ ಕಾರ್ಖಾನೆಗಳಲ್ಲಿ, ಶಸ್ತ್ರಚಿಕಿತ್ಸೆ ಕೊಠಡಿಗಳಲ್ಲಿ ಮೇಜು ಒರೆಸಿದ ಹತ್ತಿಕಡ್ಡಿಗೆ ತಾಗಿ ಕೊಳೆ ಉಳಿದಿದೆಯೇ ಎಂದು ಹೇಳುತ್ತದೆ. ಕೊಳೆಯಲ್ಲಿ ಎಟಿಪಿ ಇದ್ದರೆ ಮಿಣುಕು.

ಈಗ ಅಡಿಕೆ ತೋಟ. ಅಡಿಕೆ ಮತ್ತು ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳ ಮಲೆನಾಡು, ಕರಾವಳಿ, ಬೆಳಗಾವಿ ಕಡೆಯ ರೈತರಿಗೆಲ್ಲ ಗೊತ್ತು. ಅದರ ಕಾಟಕ್ಕೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಒಂದು ಪುಡಿ ರೂಪಿಸಿದೆ. ಅದರಲ್ಲಿರುವುದು ಹೆಟೆರೊರ್‍ಹ್ಯಾಬ್ಡೈಟಿಸ್ ಇಂಡಿಕಾ ಎಂಬ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜಂತು. ಅದು ಮಣ್ಣಿನಲ್ಲಿ ಹುಳ ಹುಡುಕಿ ಒಳಹೊಕ್ಕು ತನ್ನ ಕರುಳಿನ ಬ್ಯಾಕ್ಟೀರಿಯವನ್ನು ಕಾರುತ್ತದೆ. ಹುಳ ಒಂದೆರಡು ದಿನದಲ್ಲಿ ಸಾಯುತ್ತದೆ. ಆ ಬ್ಯಾಕ್ಟೀರಿಯ ಫೋಟೋರ್‍ಹ್ಯಾಬ್ಡಸ್. ಸ್ಟ್ಯಾನ್‌ಫರ್ಡಿನ ಮೊದಲ ಇಲಿಗೆ ದೀಪ ಕೊಟ್ಟ ಅದೇ ಕುಲ.

ಆ ಪುಡಿ ಹಾಕಿದವರು ಕೆಲವು ದಿನ ಬಿಟ್ಟು ಬುಡದ ಮಣ್ಣು ಕೆದಕಿ ನೋಡಿ. ಇಟ್ಟಿಗೆ ಬಣ್ಣಕ್ಕೆ ತಿರುಗಿ ಹೊಸದಾಗಿ ಸತ್ತ ಗೊಣ್ಣೆಹುಳ ಸಿಕ್ಕರೆ ಮಣ್ಣಿನ ಸಮೇತ ಡಬ್ಬಿಯಲ್ಲಿ ತಂದಿಟ್ಟುಕೊಳ್ಳಿ. ರಾತ್ರಿ ಕಿಟಕಿಗೆ ಕಂಬಳಿ ಕಟ್ಟಿ, ಕೋಣೆಯಲ್ಲಿ ಸುಮ್ಮನೆ ಹದಿನೈದು ಇಪ್ಪತ್ತು ನಿಮಿಷ ಕೂತ ಮೇಲೆ ಮುಚ್ಚಳ ತೆಗೆಯಿರಿ. ಮೊಬೈಲನ್ನು ಮಾತ್ರ ಜಗಲಿಯಲ್ಲೇ ಬಿಟ್ಟು ಬನ್ನಿ.